ಪಾರಿತೋಷಕದ ಮೇಲಿನ ಹೆಸರು: ಸರ್ ಆಶುತೋಷ ಮುಖರ್ಜಿ

ನಾಸಿಕದ ಕಾಲೇಜುಗಳಲ್ಲಿ ಕಾಲ್ಚೆಂಡಾಡುವ ತರುಣರು ಪುಣೆ ವಿಶ್ವವಿದ್ಯಾನಿಲಯದ ತಂಡದಲ್ಲಿಯೂ, ಛತ್ರಪತಿ ಸಂಭಾಜಿನಗರದ ತರುಣರು ಅಲ್ಲಿಯ ಮರಾಠವಾಡ ವಿಶ್ವವಿದ್ಯಾನಿಲಯದ ತಂಡದಲ್ಲಿಯೂ ಸ್ಥಾನ ಪಡೆಯಲು ಹಂಬಲಿಸುವುದುಂಟು. ಪಶ್ಚಿಮ ವಲಯದಲ್ಲಿ ಗೆದ್ದ ತಂಡಗಳು ಇತರ ವಲಯಗಳ ವಿಜಯಿಗಳನ್ನು ಎದುರಿಸಿ, ಕಡೆಗೆ ಎರಡೇ ವಿಶ್ವವಿದ್ಯಾನಿಲಯಗಳು ಕಣದಲ್ಲಿ ಉಳಿಯುತ್ತವೆ. ಅಮೆರಿಕದಲ್ಲಿಯೂ ಕಾಲೇಜು ಆಟದ ಋತು ಮುಗಿದ ಮೇಲೆ ಎರಡು ವಿಶ್ವವಿದ್ಯಾನಿಲಯಗಳು ಸೆಣಸುವ ‘ಬೌಲ್’ ಪಂದ್ಯಗಳಿವೆ. 1902ರ ಹೊಸವರ್ಷದ ದಿನ ಕ್ಯಾಲಿಫೋರ್ನಿಯದ ಪ್ಯಾಸಡೀನದಲ್ಲಿ ಮಿಶಿಗನ್ ತಂಡವು ಸ್ಟ್ಯಾನ್‌ಫರ್ಡ್ ತಂಡವನ್ನು 49-0 ಅಂಕಗಳಿಂದ ಸೋಲಿಸಿದ್ದೇ ಅವುಗಳಿಗೆ ನಾಂದಿ. ಅವರದು ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಅಲ್ಲಿಯ ಪಂದ್ಯಗಳಿಗೆ ಗುಲಾಬಿ, ಕಿತ್ತಳೆ ಎಂದು ಹೂವು ಹಣ್ಣುಗಳ ಹೆಸರುಗಳಿದ್ದರೆ, ನಮ್ಮ ಅಂತರ ವಿಶ್ವವಿದ್ಯಾನಿಲಯ ಕಾಲ್ಚೆಂಡಾಟದ ಪಾರಿತೋಷಕಕ್ಕೆ ಸರ್ ಆಶುತೋಷ ಮುಖರ್ಜಿಯವರ ಹೆಸರಿದೆ. ಆಟಗಾರರಲ್ಲದ ಈ ಮಹನೀಯರಿಗೆ ಆ ಗೌರವವು ಹೇಗೆ ಸಂದಿತು?

ಆಶುತೋಷರು 1864ರ ಜೂನ್ 29ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಗಂಗಾಪ್ರಸಾದರು ವೈದ್ಯರು. ಬಾಲ್ಯದಿಂದಲೇ ಗಣಿತದಲ್ಲಿ ಅಸಾಧಾರಣ ಪ್ರತಿಭೆ ತೋರಿದ ಇವರು 1885ರಲ್ಲಿ ಗಣಿತದಲ್ಲಿಯೂ, ಮರುವರ್ಷ ಭೌತವಿಜ್ಞಾನದಲ್ಲಿಯೂ ಎಂ.ಎ. ಪದವಿ ಗಳಿಸಿದರು. ಬಳಿಕ ಕಾನೂನಿನ ಕಡೆ ತಿರುಗಿ, 1894ರಲ್ಲಿ ಆ ಶಾಸ್ತ್ರದ ಡಾಕ್ಟರ್ ಪದವಿ ಪಡೆದು, 1904ರಲ್ಲಿ ಕಲ್ಕತ್ತೆಯ ಉಚ್ಚ ನ್ಯಾಯಾಲಯದ ನ್ಯಾಯಾಧೀಶರಾದರು.

1906ರಲ್ಲಿ ಅವರು ಕಲ್ಕತ್ತ ವಿಶ್ವವಿದ್ಯಾನಿಲಯದ ಉಪಕುಲಪತಿಗಳಾದಾಗ, ಆ ಸಂಸ್ಥೆಯು ಬಹುಮಟ್ಟಿಗೆ ಪರೀಕ್ಷೆ ನಡೆಸಿ ಪದವಿ ಹಂಚುವ ಕಚೇರಿಯಂತಿತ್ತು. ಹಗಲು ನ್ಯಾಯಪೀಠ, ಉಳಿದ ಹೊತ್ತೆಲ್ಲ ವಿಶ್ವವಿದ್ಯಾನಿಲಯ ಎಂದು ದುಡಿದು, ಅದನ್ನು ಪಾಠ ಹೇಳುವ, ಸಂಶೋಧನೆ ನಡೆಸುವ ವಿದ್ಯಾಪೀಠವನ್ನಾಗಿ ಮಾರ್ಪಡಿಸಿದರು. ತಾರಕನಾಥ ಪಾಲಿತ್ ಮತ್ತು ರಾಸಬಿಹಾರಿ ಘೋಷರ ಉದಾರ ದಾನದಿಂದ 1914ರಲ್ಲಿ ವಿಜ್ಞಾನ ಕಾಲೇಜಿಗೆ ಅಸ್ತಿಭಾರ ಬಿದ್ದಿತು. ಸರಕಾರದ ಲೆಕ್ಕಪತ್ರ ನೋಡುತ್ತಿದ್ದ ಸಿ.ವಿ. ರಾಮನ್ ಎಂಬ ತರುಣ ಅಧಿಕಾರಿಯನ್ನು ಗುರುತಿಸಿ, 1917ರಲ್ಲಿ ಪಾಲಿತ್ ಪೀಠದ ಪ್ರಾಧ್ಯಾಪಕನನ್ನಾಗಿ ಕರೆತಂದವರು ಇವರೇ. ಆ ಲೆಕ್ಕಪತ್ರದ ಮೇಜಿನಿಂದ ಎದ್ದು ಬಂದವರು 1930ರಲ್ಲಿ ನೊಬೆಲ್ ಪಾರಿತೋಷಕ ಪಡೆದರು.

ಅವರ ಮೊದಲ ಅಧಿಕಾರಾವಧಿಯಲ್ಲಿಯೇ, 1911ರ ಜುಲೈ 29ರಂದು, ಕಲ್ಕತ್ತೆಯ ಮೋಹನ ಬಾಗಾನ್ ತಂಡವು ಈಸ್ಟ್ ಯಾರ್ಕ್‌ಶೈರ್ ದಳದ ಗೋರಾ ಸಿಪಾಯಿಗಳನ್ನು 2-1ರಿಂದ ಸೋಲಿಸಿ ಐ.ಎಫ್.ಎ. ಢಾಲನ್ನು ಗೆದ್ದಿತು. ಹನ್ನೊಂದು ಮಂದಿಯಲ್ಲಿ ಹತ್ತು ಮಂದಿ ಬರಿಗಾಲಿನವರು. ಮೈದಾನದಲ್ಲಿ ಅವರು ಸಾಧಿಸಿದ್ದನ್ನು, ಅಂದರೆ ಅವಕಾಶ ದೊರೆತರೆ ನಮ್ಮವರು ಯಾರಿಗೂ ಕಡಿಮೆಯಲ್ಲವೆಂಬುದನ್ನು, ಆಶುತೋಷರು ವಿದ್ಯೆಯಲ್ಲಿ ಸಾಧಿಸಹೊರಟಿದ್ದರು.

ಕನ್ನಡಿಗರಿಗೂ ಅವರ ಋಣವುಂಟು. ಮೈಸೂರು ವಿಶ್ವವಿದ್ಯಾನಿಲಯವು ಜನಿಸಿ ಎರಡೇ ವರ್ಷ ಸಂದಿದ್ದಾಗ, 1918ರಲ್ಲಿ, ಅಲ್ಲಿಯ ಘಟಿಕೋತ್ಸವದಲ್ಲಿ ಭಾಷಣ ಮಾಡಿದರು. 1921ರಲ್ಲಿ ಮೈಸೂರಿನ ಮಹಾರಾಜಾ ಕಾಲೇಜಿನಿಂದ ರಾಧಾಕೃಷ್ಣನ್ ಅವರನ್ನು ಕಲ್ಕತ್ತೆಗೆ ಕರೆಸಿಕೊಂಡರು. ಅದೇ ವರ್ಷ ಕಲ್ಕತ್ತೆಯ ಬ್ರಜೇಂದ್ರನಾಥ ಶೀಲರು ಮೈಸೂರಿಗೆ ಉಪಕುಲಪತಿಗಳಾಗಿ ಬಂದರು.

ಆಶುತೋಷರ ಕಾಲದಲ್ಲಿ ಪರೀಕ್ಷೆಗಳಲ್ಲಿ ಉತ್ತೀರ್ಣರಾದವರ ಸಂಖ್ಯೆ ಬಹಳ ಏರಿತು. ಪದವಿಯನ್ನು ಅಗ್ಗ ಮಾಡಿದರೆಂಬ ಆಪಾದನೆ ಅವರ ಮೇಲೆ ಬಂದಿತು. ಆ ಟೀಕೆಯನ್ನು ಪೂರ್ಣವಾಗಿ ತಳ್ಳಿಹಾಕುವಂತಿಲ್ಲ. ಆದರೆ ಬಾಗಿಲನ್ನು ಇಕ್ಕಟ್ಟಾಗಿಸಿದರೆ ಮೊದಲು ಹೊರಗುಳಿಯುವವನು ಬಡವನ ಮಗನೇ ಎಂಬುದನ್ನು ಟೀಕಾಕಾರರು ಮರೆತಿದ್ದರು.

1921ರಲ್ಲಿ ಮತ್ತೆ ಉಪಕುಲಪತಿಗಳಾದ ಅವರಿಗೆ, 1923ರಲ್ಲಿ ಅವಧಿ ಮುಗಿದಾಗ, ರಾಜ್ಯಪಾಲ ಲಾರ್ಡ್ ಲಿಟ್ಟನ್ನರು ಸರಕಾರವನ್ನು ವಿರೋಧಿಸಬಾರದೆಂಬ ಕರಾರಿನ ಮೇಲೆ ಪದವಿಯನ್ನು ಮುಂದುವರಿಸಲು ಒಪ್ಪಿದರು. ಬಂಗಾಳದ ಹುಲಿಯೆಂದು ಹೆಸರಾದವರು ಆ ಕರಾರನ್ನು ಖಂಡತುಂಡವಾಗಿ ನಿರಾಕರಿಸಿದರು. ವಿಶ್ವವಿದ್ಯಾನಿಲಯಕ್ಕೆ ಬೇಡಿ ಹಾಕಿ ತಾವು ಪೀಠದಲ್ಲಿ ಕುಳಿತಿರಲು ಅವರ ಮನಸ್ಸು ಒಪ್ಪಲಿಲ್ಲ. ಮರುವರ್ಷ, 1924ರ ಮೇ 25ರಂದು, ಮೊಕದ್ದಮೆಯೊಂದರ ಸಲುವಾಗಿ ಪಾಟ್ನಾಕ್ಕೆ ಹೋಗಿದ್ದಾಗ ಅಲ್ಲಿಯೇ ಕಾಲವಾದರು. ಅರವತ್ತು ತುಂಬಲು ಇನ್ನೂ ಒಂದು ತಿಂಗಳಿತ್ತು.

ನಾಸಿಕದಲ್ಲಿ 1989ರಲ್ಲಿ ಸ್ಥಾಪಿತವಾದ ಯಶವಂತರಾವ್ ಚವ್ಹಾಣ ಮಹಾರಾಷ್ಟ್ರ ಮುಕ್ತ ವಿಶ್ವವಿದ್ಯಾನಿಲಯವು ದುಡಿಯುವವರಿಗೂ ಪದವಿಯ ದಾರಿಯನ್ನು ತೆರೆದಿದೆ. ಅಂತಹ ಪದವಿ ಅಗ್ಗದ್ದೆಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ನಮ್ಮ ಹೋಟೆಲಿನ ಮಾಣಿಯೋ ಗುಮಾಸ್ತನೋ ಕೆಲಸ ಮುಗಿಸಿ ಪುಸ್ತಕ ತೆರೆದು ಕುಳಿತರೆ ಅವನ ದೀಪವನ್ನು ಆರಿಸದಿರುವುದು ಯಜಮಾನರ ಧರ್ಮ. ನಾಚಿಕೆಪಡದೆ ಓದುವುದು ಅವನ ಧರ್ಮ. ಮುಂದೆಂದಾದರೂ ಆ ಪಾರಿತೋಷಕದ ಸುದ್ದಿಯನ್ನು ಓದುವಾಗ ವಾಚಕರು ಈ ಮಹನೀಯರನ್ನು ಒಮ್ಮೆ ಸ್ಮರಿಸಲಿ.