ಯೆಶಾಯನು ಹಾಡಿದ ದ್ರಾಕ್ಷೇತೋಟ

ಈ ಹೊತ್ತು ನಾನು ಪ್ರವಾದಿಯಾದ ಯೆಶಾಯನ ಜೀವನವನ್ನ ನಿಮ್ಮ ಮುಂದೆ ಇಡ್ತೀನಿ. ಅವನ ಪುಸ್ತಕದ 5ನೇ ಅಧ್ಯಾಯ ತೆಗೆದಿಟ್ಟುಕೊಳ್ಳಿ.

ಯೆಶಾಯನು ಆಮೋಚನ ಮಗ. ಯೆರೂಸಲೇಮಿನಲ್ಲಿ ಸೇವೆ ಮಾಡಿದವನು, ಅಂದ್ರೆ ನಿಮ್ಮ ಹಾಗೇ ಪಟ್ಟಣದ ಬದುಕು ಕಂಡವನು. ಅರಸನಾದ ಉಜ್ಜೀಯನು ತೀರಿಕೊಂಡ ವರ್ಷ, ಸುಮಾರು ಕ್ರಿ.ಪೂ. 740ರಲ್ಲಿ, ದೇವರ ಮಹಿಮೆಯನ್ನ ಕಂಡನು. ಮೊದಲು ತನ್ನ ತುಟಿಗಳೇ ಅಶುದ್ಧ ಅಂತ ಒಪ್ಪಿಕೊಂಡನು. ಬಲಿಪೀಠದ ಕೆಂಡ ಆ ತುಟಿಗೆ ತಗುಲಿತು. ಆಮೇಲೆ ಯೋತಾಮ, ಆಹಾಜ, ಹಿಜ್ಕೀಯ, ಯಾವ ಅರಸ ಬಂದ್ರೂ ಆ ಬಾಯಿ ಸುಮ್ಮನಿರಲಿಲ್ಲ.

ಈ ಬಾಯಿಂದ ಬಂದದ್ದೇ ದ್ರಾಕ್ಷೇತೋಟದ ಹಾಡು. ಯೆಹೂದದ ಗುಡ್ಡಗಳಲ್ಲಿ ಎಲ್ಲಿ ಅಗೆದರೂ ಕಲ್ಲು. ಹಾಡಿನ ಯಜಮಾನನು ಕಲ್ಲು ಆರಿಸಿದನು, ಒಳ್ಳೇ ಜಾತಿಯ ಬಳ್ಳಿ ನೆಟ್ಟನು, ಕಾವಲಿಗೆ ಗೋಪುರ ಕಟ್ಟಿದನು, ದ್ರಾಕ್ಷೆ ತುಳಿಯೋಕೆ ತೊಟ್ಟಿ ಕೊರೆದನು. ಮೋಶೆಯ ಧರ್ಮಶಾಸ್ತ್ರದಲ್ಲಿ ಮೊದಲ 3 ವರ್ಷದ ಹಣ್ಣು ತಿನ್ನಬಾರದು, 4ನೇ ವರ್ಷದ್ದು ಕರ್ತನಿಗೆ, 5ನೇ ವರ್ಷವೇ ಯಜಮಾನನಿಗೆ. ಒಂದು ತೋಟ ಅಂದ್ರೆ ಅಷ್ಟು ಕಾಯೋದು! ಈ ಯಜಮಾನನಿಗೆ ಸಿಕ್ಕಿದ್ದು ಕಾಡುದ್ರಾಕ್ಷೆ. ನೀವೇ ತೀರ್ಪು ಹೇಳಿ ಅಂತ ಯೆಶಾಯನು ಜನರನ್ನೇ ಕೇಳಿದನು. ಆಮೇಲೆ ಬಿಚ್ಚಿ ಹೇಳಿದನು: ಆ ತೋಟ ಇಸ್ರಾಯೇಲೇ, ಆ ಬಳ್ಳಿ ಯೆಹೂದದವರೇ.

ಫಲ ಅಂದ ಕೂಡಲೇ ನಾವು ಪ್ರಮೋಷನ್, ವೀಸಾ ಅಂದುಕೊಳ್ತೀವಿ. ಯೆಶಾಯನು ಹೇಳಿದ ಫಲ ನ್ಯಾಯ. ಇಬ್ರಿಯ ಭಾಷೆಯಲ್ಲಿ ನೋಡ್ರಿ: ದೇವರು ಮಿಷ್ಪಾಟ್, ಅಂದ್ರೆ ನ್ಯಾಯ ಎದುರುನೋಡಿದರು, ಕಂಡದ್ದು ಮಿಸ್ಪಾಖ್, ರಕ್ತಪಾತ. ಸೆದಾಕಾ, ಅಂದ್ರೆ ನೀತಿಗಾಗಿ ಕಾದರು. ಕೇಳಿಸಿದ್ದು ಸೆಆಕಾ, ನೊಂದವರ ಗೋಳು. ಕಿವಿಗೆ ಎರಡೂ ಹೆಚ್ಚುಕಡಿಮೆ ಒಂದೇ. ಕಾಡುದ್ರಾಕ್ಷೆಯೂ ದೂರದಿಂದ ದ್ರಾಕ್ಷೆಯೇ. ಬಾಯಿಗಿಟ್ಟಾಗ ಗೊತ್ತಾಗತ್ತೆ. ಅಲ್ಲಿ ಹಬ್ಬ ಇತ್ತು, ಯಜ್ಞ ಇತ್ತು, ಪ್ರಾರ್ಥನೆ ಇತ್ತು. ಆದರೆ ಮನೆಗೆ ಮನೆ, ಹೊಲಕ್ಕೆ ಹೊಲ ಸೇರಿಸಿಕೊಂಡವರು ಬೇರೆಯವರಿಗೆ ನಿಲ್ಲೋಕೂ ಜಾಗ ಬಿಡಲಿಲ್ಲ.

ನನ್ನನ್ನ ಬಹಳ ಮುಟ್ಟೋದು ಇದು: ಬೇಲಿ ಕಿತ್ತುಹೋಗತ್ತೆ ಅಂತ ಹಾಡಿದವನು ತಾನೂ ಆ ಬೇಲಿಯೊಳಗೇ ಇದ್ದನು. ಹೆಂಡತಿ, ಮಕ್ಕಳು ಅಲ್ಲೇ. ಕ್ರಿ.ಪೂ. 722ರ ಸುಮಾರಿಗೆ ಅಶ್ಶೂರದವರಿಗೆ ಸಮಾರ್ಯ ಬಿತ್ತು. 701ರಲ್ಲಿ ಸನ್ಹೇರೀಬನು ಯೆಹೂದದ ಕೋಟೆಯ ಊರುಗಳನ್ನ ಹಿಡಿದನು. ಯೆರೂಸಲೇಮಿನೊಳಗೆ ಹಿಜ್ಕೀಯನು ಪ್ರಾರ್ಥಿಸಿದನು, ಯೆಶಾಯನು ಧೈರ್ಯ ಹೇಳಿ ಕಳಿಸಿದನು. ಪಟ್ಟಣ ಉಳಿಯಿತು, ಸ್ತೋತ್ರ! ಜನರನ್ನ ಬೈದು ದೂರ ಹೋದವನಲ್ಲ ಅವನು.

27ನೇ ಅಧ್ಯಾಯದಲ್ಲಿ ಇನ್ನೊಂದು ತೋಟದ ಹಾಡಿದೆ. ಅಲ್ಲಿ ದೇವರೇ ಕಾವಲುಗಾರ. ಹಗಲೂ ರಾತ್ರಿ ಕಾಯ್ತಾರೆ, ಕ್ಷಣಕ್ಷಣಕ್ಕೂ ನೀರು ಹಾಯಿಸ್ತಾರೆ. ತೋಟವನ್ನ ಅವರು ಕೈಬಿಟ್ಟಿಲ್ಲ.

ಹಾಗಾದ್ರೆ ಯೌವನಸ್ಥರೇ, ಮನೆಕೆಲಸದ ಅಕ್ಕನ ಸಂಬಳ ಬಾಕಿ ಇದೆಯಾ? ಜೂನಿಯರ್ ಮಾಡಿದ ಕೆಲಸಕ್ಕೆ ನಿಮ್ಮ ಹೆಸರು ಹಾಕಿದ್ದೀರಾ? ಇವತ್ತೇ ಸರಿಮಾಡಿ. ಯಜಮಾನನು ಹಣ್ಣು ನೋಡೋಕೆ ಬರೋದು ಅಲ್ಲಿಗೇ. ಆಮೆನ್.