ಮಾಂಟ್ ಬ್ಲಾಂಕ್‌ನಲ್ಲಿ ಕೊನೆಗೊಂಡ ಭಾಭಾ ಪಯಣ

ಕೇಂಬ್ರಿಜ್‌ನಿಂದ 1939ರಲ್ಲಿ ರಜೆಗೆಂದು ತಾಯ್ನಾಡಿಗೆ ಬಂದಿದ್ದ ಹೋಮಿ ಜಹಾಂಗೀರ್ ಭಾಭಾ, ಮಹಾಯುದ್ಧದಿಂದಾಗಿ ಮರಳಲಾಗದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಸೇರಿದರು. ಸಿ.ವಿ. ರಾಮನ್ ಅವರಿದ್ದ ವಿಭಾಗದಲ್ಲಿ ಕಾಸ್ಮಿಕ್ ಕಿರಣಗಳ ಸಂಶೋಧನೆ ನಡೆಸಿದರು. ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ 1945ರಲ್ಲಿ ಆರಂಭವಾದದ್ದೂ ಇದೇ ಆವರಣದಲ್ಲಿ. ಮುಂಬೈಗೆ ಹೋದದ್ದು ಅನಂತರ. ಇದು ಎಷ್ಟು ಬೆಂಗಳೂರಿಗರಿಗೆ ನೆನಪಿದೆಯೋ!

ಮುಂದೆ ದೇಶದ ಅಣುಶಕ್ತಿ ಆಯೋಗದ ಚುಕ್ಕಾಣಿ ಹಿಡಿದ ಭಾಭಾ, 1966ರ ಜನವರಿ 24ರಂದು ವಿಯೆನ್ನಾದ ಸಭೆಗೆ ಹೊರಟಿದ್ದರು. ಅವರಿದ್ದ ಏರ್ ಇಂಡಿಯಾದ ಬೋಯಿಂಗ್ 707 ವಿಮಾನ ಜಿನೀವಾದಲ್ಲಿ ಇಳಿಯಲು ಸಿದ್ಧವಾಗುತ್ತಿದ್ದಾಗ ಮಾಂಟ್ ಬ್ಲಾಂಕ್ ಪರ್ವತಕ್ಕೆ ಅಪ್ಪಳಿಸಿತು. ಪರ್ವತ ದಾಟಿಯಾಯಿತೆಂದು ಪೈಲಟ್ ತಪ್ಪಾಗಿ ಭಾವಿಸಿದ್ದರೆಂಬುದು ತನಿಖೆಯ ತೀರ್ಮಾನ. 117 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಭಾಭಾ ಅವರಿಗಾಗ 56 ವರ್ಷ.

ಪ್ರಧಾನಿ ಶಾಸ್ತ್ರಿ ಅಗಲಿ ಕೇವಲ 13 ದಿನವಾಗಿತ್ತು. ಅಣುಶಕ್ತಿ ಆಯೋಗದ ಹೊಣೆ ವಿಕ್ರಂ ಸಾರಾಭಾಯಿ ಹೆಗಲೇರಿತು. ಆ ವಿಮಾನದಲ್ಲಿದ್ದ ರಾಜತಾಂತ್ರಿಕ ಅಂಚೆ ಚೀಲವೊಂದು ಹಿಮನದಿಯಲ್ಲಿ ಸಿಕ್ಕಿದ್ದು 2012ರಲ್ಲಿ.