ಹೋಟೆಲಿಗೆ ಶಿಸ್ತು ತಂದ ಯಜ್ಞನಾರಾಯಣ ಮಯ್ಯರು



ನಮ್ಮ ಸಂಘದಲ್ಲಿ ನೌಕರದಾರರಿಗಿಂತ ಸಣ್ಣ ವ್ಯವಹಾರಸ್ಥರೇ ಹೆಚ್ಚು. ನಾರಾಯಣಪೇಟೆಯಲ್ಲಿ ಖಾನಾವಳಿ ಇಟ್ಟವರಿದ್ದಾರೆ, ಮಕ್ತಲಿನಲ್ಲಿ ಹೈವೇ ಪಕ್ಕ ಟಿಫಿನ್ ಸೆಂಟರ್ ನಡೆಸುವವರಿದ್ದಾರೆ, ಗದ್ವಾಲಿನಲ್ಲಿ ಮದುವೆ ಅಡುಗೆ ಹಿಡಿಯುವವರು, ಮೊಬೈಲ್ ರಿಪೇರಿಯವರು, ಜೆರಾಕ್ಸ್ ಅಂಗಡಿಯವರು ಇದ್ದಾರೆ. ಇವರ ಮಕ್ಕಳು ಹೈದರಾಬಾದಿಗೆ ಹೋಗಿ ಕಲಿತು ಬಂದು, ಅಪ್ಪಾ, ನಮ್ಮ ಅಂಗಡಿಗೂ ಒಂದು ಎಸ್‌ಒಪಿ ಬೇಕು ಅನ್ನುತ್ತಾರೆ. ಅಪ್ಪಂದಿರು ನಮ್ಮನ್ನು ಕೇಳುತ್ತಾರೆ, ಅದೇನು ಮಾರಾಯರೇ ಅದು ಅಂತ. ಒಂದು ಕೆಲಸವನ್ನು ಯಾರು, ಯಾವಾಗ, ಯಾವ ಕ್ರಮದಲ್ಲಿ, ಎಷ್ಟು ಅಳತೆಯಲ್ಲಿ ಮಾಡಬೇಕು ಎಂದು ಒಮ್ಮೆ ಗೊತ್ತುಮಾಡಿ, ಬರೆದಿಟ್ಟು, ಎಲ್ಲರೂ ಹಾಗೇ ಮಾಡುವುದು. ಅಷ್ಟೇ. ಆ ಹೆಸರು ನಮ್ಮ ಪೇಟೆಗಳಿಗೆ ಬರುವ ಎಷ್ಟೋ ಮೊದಲು ಆ ಕೆಲಸವನ್ನು ಮಾಡಿ ತೋರಿಸಿದ ಕನ್ನಡಿಗರೊಬ್ಬರಿದ್ದರು. ಬೆಂಗಳೂರಿನ ಎಂಟಿಆರ್ ಹೋಟೆಲನ್ನು ಬೆಳೆಸಿದ ಯಜ್ಞನಾರಾಯಣ ಮಯ್ಯರು. ಈ ಸಲದ ಪತ್ರಿಕೆಯಲ್ಲಿ ಅವರ ಜೀವನವನ್ನು ಬರೆಯುತ್ತಿದ್ದೇವೆ.

ಮಯ್ಯರ ಊರು ಉಡುಪಿ ಸೀಮೆಯ ಪಾರಂಪಳ್ಳಿ. ಆಗ ಅದು ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆ. ಗದ್ದೆಯ ಹುಟ್ಟುವಳಿ ಸಾಲದ ಮನೆಗಳ ಹುಡುಗರು ಮುಂಬಯಿ, ಮದರಾಸು, ಬೆಂಗಳೂರು ಎಂದು ಅಡುಗೆ ಕೆಲಸ ಹುಡುಕಿಕೊಂಡು ಹೊರಟ ಕಾಲ. ಪಾರಂಪಳ್ಳಿಯ ಮಯ್ಯ ಸಹೋದರರೂ 1920ರ ಸುಮಾರಿಗೆ ಹಾಗೇ ಬೆಂಗಳೂರಿಗೆ ಬಂದು, ಮನೆಗಳಲ್ಲಿ ಅಡುಗೆ ಮಾಡಿಕೊಂಡಿದ್ದರು. 1924ರಲ್ಲಿ ಲಾಲ್‌ಬಾಗ್ ಹತ್ತಿರ ಬ್ರಾಹ್ಮಿನ್ ಕಾಫಿ ಕ್ಲಬ್ ಎಂಬ ಚಿಕ್ಕ ಹೋಟೆಲು ತೆರೆದರು. ಇಡ್ಲಿ, ಕಾಫಿ, ನಾಲ್ಕು ತಿಂಡಿ. ಅಣ್ಣ ಪರಮೇಶ್ವರ ಮಯ್ಯರು ತೀರಿಕೊಂಡ ಮೇಲೆ ಹೋಟೆಲಿನ ಭಾರ ಯಜ್ಞನಾರಾಯಣರ ಮೇಲೆ ಬಿತ್ತು. ಬಳಗದವರು ಅವರನ್ನು ಯಜ್ಞಪ್ಪ ಎನ್ನುತ್ತಿದ್ದರು.

ಆ ಕಾಲದ ಹೋಟೆಲುಗಳಲ್ಲಿ ವಿದ್ಯೆಯೆಲ್ಲ ಕೈಯಲ್ಲೇ ಇರುತ್ತಿತ್ತು. ಸಾಂಬಾರಿಗೆ ಎಷ್ಟು ಪುಡಿ ಎಂದರೆ ಭಟ್ಟರ ಹಿಡಿಯೇ ಅಳತೆ. ಡಿಕಾಕ್ಷನ್ ಎಷ್ಟು ಗಟ್ಟಿ ಎಂದರೆ ಅವರ ಕಣ್ಣೇ ಮಾಪಕ. ಹುಡುಗರು ನೋಡಿ ನೋಡಿ ಕಲಿಯಬೇಕು. ಇದು ಕೆಟ್ಟದ್ದೆಂದು ನಾವು ಹೇಳುವುದಿಲ್ಲ. ಆದರೆ ಭಟ್ಟರು ಊರಿಗೆ ಹೋದ ದಿನ ಗಿರಾಕಿಗೆ ಬಾಯಲ್ಲೇ ಗೊತ್ತಾಗುತ್ತದೆ. ನಮ್ಮ ಪೇಟೆಗಳಲ್ಲೂ ನೋಡಿದ್ದೇವಲ್ಲ, ಮೂವತ್ತು ವರ್ಷ ನಡೆದ ಹೋಟೆಲು, ಹಿರಿಯರು ಹಾಸಿಗೆ ಹಿಡಿದ ಆರು ತಿಂಗಳಿಗೆ ಶಟರ್ ಎಳೆದುಕೊಳ್ಳುತ್ತದೆ. ಮಗ ಸೋಮಾರಿ ಎಂದು ಜನ ಆಡಿಕೊಳ್ಳುತ್ತಾರೆ. ಪಾಪ, ಮಗನಿಗೆ ಕೈಗೆ ಸಿಕ್ಕಿದ್ದು ಒಲೆ ಮತ್ತು ಪಾತ್ರೆ ಮಾತ್ರ. ಕ್ರಮವೆಲ್ಲ ಅಪ್ಪನ ತಲೆಯಲ್ಲೇ ಉಳಿದಿತ್ತು.

ಎರಡನೇ ಮಹಾಯುದ್ಧ ಬಂತು. 1942ರಲ್ಲಿ ಬರ್ಮಾ ಜಪಾನಿನವರ ಕೈಸೇರಿ, ಅಲ್ಲಿಂದ ಬರುತ್ತಿದ್ದ ಅಕ್ಕಿ ನಿಂತಿತು. ಎಲ್ಲೆಡೆ ಅಕ್ಕಿಗೆ ತತ್ವಾರ. ಅಕ್ಕಿಯಿಲ್ಲದೆ ಇಡ್ಲಿ ಹೇಗೆ? ಮಯ್ಯರ ಅಡುಗೆಮನೆಯಲ್ಲಿ ರವೆಯಿಂದ ಪ್ರಯತ್ನ ಮಾಡಿದರು, ರವೆ ಇಡ್ಲಿ ಹುಟ್ಟಿತು ಎಂಬುದು ಆ ಸಂಸ್ಥೆಯವರು ಹೇಳಿಕೊಂಡು ಬಂದ ಚರಿತ್ರೆ. ಈ ಕಥೆ ಬಹಳ ಮಂದಿಗೆ ಗೊತ್ತು. ನಮಗೆ ಅದರಲ್ಲಿ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಅಕ್ಕಿ ಇಡ್ಲಿಗೆ ನೆನೆಹಾಕಬೇಕು, ರುಬ್ಬಬೇಕು, ರಾತ್ರಿಯಿಡೀ ಹುದುಗಬೇಕು. ಚಳಿಯಲ್ಲಿ ಒಂದು ಥರ, ಬೇಸಿಗೆಯಲ್ಲಿ ಇನ್ನೊಂದು ಥರ. ರವೆ ಇಡ್ಲಿಗೆ ಹುರಿದ ರವೆ, ಮೊಸರು, ಸೋಡಾ, ತುಪ್ಪದ ಒಗ್ಗರಣೆ, ಗೋಡಂಬಿ. ತೂಕ ಹಾಕಿ ಅಳೆದು, ಗಡಿಯಾರ ನೋಡಿ ಬೇಯಿಸಿದರೆ ಯಾರು ಮಾಡಿದರೂ ಹೆಚ್ಚು ಕಡಿಮೆ ಒಂದೇ ಬರುತ್ತದೆ. ಅಳತೆಗೆ ಒಗ್ಗುವ ತಿಂಡಿ ಅದು. ಮುಂದೆ ಇದೇ ಗುಣ ಆ ಮನೆತನವನ್ನು ಒಂದು ದೊಡ್ಡ ಕಷ್ಟದಿಂದ ದಾಟಿಸಿತು. ಅದನ್ನು ಆಮೇಲೆ ಹೇಳುತ್ತೇವೆ.

1951ರಲ್ಲಿ ಮಯ್ಯರು ಯುರೋಪಿಗೆ ಹೋದರು. ಅಲ್ಲಿನ ಹೋಟೆಲುಗಳು ಹೇಗೆ ನಡೆಯುತ್ತವೆ ಎಂದು ನೋಡುವುದೇ ಉದ್ದೇಶ. ಆ ಕಾಲಕ್ಕೆ ತಿಂಡಿ ಹೋಟೆಲಿನ ಯಜಮಾನರೊಬ್ಬರು ಇದೇ ಕೆಲಸಕ್ಕೆಂದು ಸಮುದ್ರ ದಾಟುವುದು ಸಣ್ಣ ಮಾತಲ್ಲ. ಅಲ್ಲಿಯ ಅಡುಗೆ ಅವರಿಗೆ ಬೇಕಾಗಿರಲಿಲ್ಲ. ಅವರ ಕಣ್ಣು ಹೋದದ್ದು ಅಲ್ಲಿಯ ಚೊಕ್ಕತನದ ಮೇಲೆ, ಶಿಸ್ತಿನ ಮೇಲೆ. ಹಿಂತಿರುಗಿ ಬಂದವರು ಮೆನು ಕಾರ್ಡಿಗೆ ವಿಲಾಯತಿ ತಿಂಡಿ ಸೇರಿಸಲಿಲ್ಲ. ಲೋಟ, ತಟ್ಟೆ, ಚಮಚಗಳನ್ನು ಹಬೆಯಲ್ಲಿಟ್ಟು ಕ್ರಿಮಿ ಇಲ್ಲದಂತೆ ಮಾಡುವ ಏರ್ಪಾಡು ತಂದರು. ಸ್ವಚ್ಛತೆಯ ಬಗ್ಗೆ, ಊಟದ ಮರ್ಯಾದೆಯ ಬಗ್ಗೆ ಸಣ್ಣ ಪುಸ್ತಿಕೆಗಳನ್ನು ಅಚ್ಚು ಹಾಕಿಸಿ ಗಿರಾಕಿಗಳಿಗೆ ಹಂಚಿದರು. ಅಡುಗೆಮನೆಯನ್ನು ಗಿರಾಕಿಗಳು ಕಣ್ಣಾರೆ ನೋಡಬಹುದು ಎಂದು ಮಾಡಿದರು.

ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಪಾತ್ರೆ ತೊಳೆಯುವುದು ಹೋಟೆಲಿನಲ್ಲಿ ಎಲ್ಲರಿಗಿಂತ ಕೆಳಗಿನ ಹುಡುಗನ ಕೆಲಸ. ಯಜಮಾನ ಆ ಕಡೆ ತಲೆ ಹಾಕುವುದಿಲ್ಲ. ಮಯ್ಯರು ಶುರು ಮಾಡಿದ್ದು ಅಲ್ಲಿಂದ. ಸಣ್ಣ ಹೋಟೆಲಿನಲ್ಲಿ ಲೋಟ ತೊಳೆಯುವ ಬಗೆ ನಮಗೆಲ್ಲ ಗೊತ್ತು. ಒಂದು ಬಕೆಟ್ ನೀರು, ಅದರಲ್ಲೇ ಅದ್ದುವುದು, ಅದರಲ್ಲೇ ಎತ್ತುವುದು, ಹೆಗಲ ಮೇಲಿನ ಬಟ್ಟೆಯಲ್ಲಿ ಒರೆಸುವುದು. ನೂರನೇ ಲೋಟಕ್ಕೆ ಮೊದಲಿನ ತೊಂಬತ್ತೊಂಬತ್ತರ ಎಂಜಲು ಹತ್ತಿರುತ್ತದೆ. ಒರೆಸುವ ಬಟ್ಟೆ ತೊಳೆದದ್ದನ್ನೂ ಮತ್ತೆ ಹೊಲಸು ಮಾಡುತ್ತದೆ. ಹುಡುಗನಿಗೆ ಚೆನ್ನಾಗಿ ತೊಳಿಯೋ ಎಂದು ದಿನಾ ಬೈದರೆ ಅವನೇನು ಮಾಡಿಯಾನು? ಚೆನ್ನಾಗಿ ಎಂದರೆ ಏನು ಎಂದು ಅವನಿಗೆ ಯಾರೂ ಹೇಳಿಲ್ಲ. ಹಬೆಯ ಪೆಟ್ಟಿಗೆ ಇಟ್ಟಾಗ ಆ ಪ್ರಶ್ನೆಯೇ ಇಲ್ಲ. ತೊಳೆದ ಪಾತ್ರೆ ಒಳಗೆ ಹೋಗಬೇಕು, ಇಷ್ಟು ಹೊತ್ತು ಇರಬೇಕು, ಹೊರಗೆ ಬಂದದ್ದು ತಾನೇ ಆರಬೇಕು, ಬಟ್ಟೆ ಮುಟ್ಟಿಸಬಾರದು. ಹುಡುಗ ಹೊಸಬನಾದರೂ, ದಣಿದಿದ್ದರೂ, ಯಜಮಾನ ಎದುರಿಗಿಲ್ಲದಿದ್ದರೂ ಕೆಲಸ ಸರಿಯಾಗುತ್ತದೆ.

ಕಚೇರಿಯಲ್ಲಿ ಗುಮಾಸ್ತಿಕೆ ಮಾಡಿದ ನಮ್ಮಂಥವರಿಗೆ ಇದು ಬೇಗ ಅರ್ಥವಾಗುತ್ತದೆ. ಒಳಬಂದ ಪತ್ರಕ್ಕೆ ನಂಬರು, ತಾರೀಖು, ಯಾವ ಟೇಬಲ್ಲಿಗೆ ಹೋಯಿತು ಎಂಬ ದಾಖಲೆ ಇದ್ದರೆ, ಗುಮಾಸ್ತ ರಜೆ ಹಾಕಿದರೂ ಕಡತ ಕಳೆಯುವುದಿಲ್ಲ. ಸರಕಾರಿ ಕೆಲಸ ನಿಧಾನ ಎಂದು ನಗುವವರು ನಗಲಿ, ಈ ಒಂದು ವಿಷಯದಲ್ಲಿ ಅಂಗಡಿಯವರು ಕಚೇರಿಯಿಂದ ಕಲಿಯಬಹುದು.

ಅಡುಗೆಮನೆ ತೋರಿಸುವುದೂ ಬರೀ ಜಂಬಕ್ಕಲ್ಲ. ಆಹಾರ ಕಲಬೆರಕೆ ತಡೆಯುವ ಕೇಂದ್ರ ಕಾನೂನು ಬಂದದ್ದು 1954ರಲ್ಲಿ. ಇನ್‌ಸ್ಪೆಕ್ಟರ್ ಯಾವಾಗಲೋ ಒಮ್ಮೆ ಬರುತ್ತಾನೆ, ಗಿರಾಕಿ ದಿನಾ ಬರುತ್ತಾನೆ. ದಿನಾ ಬರುವವನಿಗೆ ಬಾಗಿಲು ತೆರೆದಿಟ್ಟರೆ ಒಳಗಿನವರು ದಿನಾ ನೇರವಾಗಿರುತ್ತಾರೆ. ನಮ್ಮ ಅಭಿಪ್ರಾಯದಲ್ಲಿ ಮಯ್ಯರು ತಂದ ಬದಲಾವಣೆಗಳಲ್ಲಿ ಖರ್ಚಿಲ್ಲದ್ದು ಇದೊಂದೇ, ಮತ್ತು ಅತ್ಯಂತ ಕಷ್ಟದ್ದೂ ಇದೇ.

1960ರಲ್ಲಿ ಹೋಟೆಲು ಲಾಲ್‌ಬಾಗ್ ರಸ್ತೆಯ ಈಗಿನ ಕಟ್ಟಡಕ್ಕೆ ಬಂತು. ಹೆಸರೂ ಬದಲಾಗಿ, ಬಡಾವಣೆಯ ಹೆಸರಿನಲ್ಲಿ ಮಾವಳ್ಳಿ ಟಿಫಿನ್ ರೂಮ್ಸ್ ಆಯಿತು. ಜಾತಿಯ ಹೆಸರು ಹೋಗಿ ಊರಿನ ಹೆಸರು ಬಂದದ್ದು ಒಳ್ಳೆಯದೇ ಆಯಿತು. ಅಲ್ಲಿ ಸರತಿಯಲ್ಲಿ ಕಾಯುವುದು ಬೆಂಗಳೂರಿನವರಿಗೆ ಒಂದು ವಾಡಿಕೆಯೇ ಆಗಿಹೋಗಿದೆ. 1968ರಲ್ಲಿ ಯಜ್ಞನಾರಾಯಣ ಮಯ್ಯರು ತೀರಿಕೊಂಡರು.

ಸಾಮಾನ್ಯವಾಗಿ ಇಲ್ಲಿಗೆ ಹೋಟೆಲಿನ ಕಥೆಯೂ ಮುಗಿಯಬೇಕಿತ್ತು. ಹರಿಶ್ಚಂದ್ರ ಮಯ್ಯ, ಸದಾನಂದ ಮಯ್ಯ ಮೊದಲಾದ ಅದೇ ಕುಟುಂಬದ ಮುಂದಿನವರು ನಡೆಸಿಕೊಂಡು ಹೋದರು. ನಿಜವಾದ ಪರೀಕ್ಷೆ ಬಂದದ್ದು 1975ರಲ್ಲಿ, ತುರ್ತುಪರಿಸ್ಥಿತಿಯ ಕಾಲದಲ್ಲಿ. ಹೋಟೆಲು ತಿಂಡಿಗೆ ಇಷ್ಟೇ ದರ ಎಂದು ಸರಕಾರ ಕಟ್ಟುಮಾಡಿತು. ಆ ದರದಲ್ಲಿ ಅದೇ ತುಪ್ಪ, ಅದೇ ಕಾಫಿಪುಡಿ ಹಾಕಿ ಕೊಟ್ಟರೆ ದಿನಾ ನಷ್ಟ. ಗುಣ ಇಳಿಸಬೇಕು, ಇಲ್ಲ ಬಾಗಿಲು ಹಾಕಬೇಕು. ಅವರು ಬಾಗಿಲು ಹಾಕಿದರು. ಕೆಲಸಗಾರರ ಗತಿ? ಅವರನ್ನೇ ಇಟ್ಟುಕೊಂಡು ಮಸಾಲೆ ಪುಡಿ, ರವೆ ಇಡ್ಲಿ ಮಿಕ್ಸ್ ಮೊದಲಾದವುಗಳನ್ನು ಪೊಟ್ಟಣ ಕಟ್ಟಿ ಮಾರಲು ಶುರುಮಾಡಿದರು.

ಪೊಟ್ಟಣದ ಜೊತೆ ಭಟ್ಟರು ಹೋಗುವುದಿಲ್ಲ. ಅಳತೆ ಒಳಗಿರಬೇಕು, ವಿಧಾನ ಹೊರಗಿನ ಕಾಗದದ ಮೇಲಿರಬೇಕು, ಅಷ್ಟನ್ನೇ ಓದಿ ಎಲ್ಲೋ ದೂರದ ಊರಿನ ಮನೆಯವರು ಅದೇ ರುಚಿ ತೆಗೆಯಬೇಕು. ಹಿಡಿಯಳತೆಯ ಹೋಟೆಲಿನವರಿಗೆ ಇದು ಒಂದೇ ವರ್ಷದಲ್ಲಿ ಆಗುವ ಕೆಲಸವಲ್ಲ. ಅಳೆದು ಮಾಡುವ ಅಭ್ಯಾಸವಿದ್ದ ಅಡುಗೆಮನೆಗೆ ಸಾಧ್ಯವಾಯಿತು. ಕೆಲವು ವರ್ಷಗಳ ನಂತರ ಹೋಟೆಲು ಮತ್ತೆ ತೆರೆಯಿತು. 2007ರಲ್ಲಿ ಪೊಟ್ಟಣದ ಕಂಪನಿಯನ್ನು ನಾರ್ವೆ ದೇಶದ ಓರ್ಕ್ಲಾ ಕೊಂಡುಕೊಂಡಿತು, ಹೋಟೆಲು ಮಯ್ಯರ ಕುಟುಂಬದಲ್ಲೇ ಉಳಿಯಿತು.

ನಮ್ಮ ಊರುಗಳಿಗೆ ಇದು ಹೇಗೆ ಹೊಂದುತ್ತದೆ? ನಮ್ಮದು ಗಡಿ ಸೀಮೆ. ಗದ್ವಾಲ್ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲೇ ಇತ್ತು. ರಾಜ್ಯ ವಿಂಗಡಣೆಯಲ್ಲಿ ಆಚೆ ಈಚೆ ಆದರೂ ಗಿರಾಕಿ, ಕೆಲಸಗಾರ, ಸಾಮಾನು ಎಲ್ಲ ಇಂದಿಗೂ ಎರಡೂ ಕಡೆ ಓಡಾಡುತ್ತವೆ. ಯಜಮಾನನ ಮನೆಮಾತು ಕನ್ನಡ, ಸಪ್ಲೈ ಹುಡುಗನದು ತೆಲುಗು, ದೋಸೆ ಹಾಕುವವನು ಎಷ್ಟೋ ಕಡೆ ಹಿಂದಿಯವನು. ಬಾಯಿಮಾತಿನ ಸೂಚನೆ ಮೂರು ಭಾಷೆ ದಾಟುವಷ್ಟರಲ್ಲಿ ಬೇರೆಯೇ ಆಗಿರುತ್ತದೆ. ಆದ್ದರಿಂದ ಬರೆದಿಡುವ ಅಗತ್ಯ ಬೆಂಗಳೂರಿನವರಿಗಿಂತ ನಮಗೇ ಹೆಚ್ಚು. ಕನ್ನಡದಲ್ಲೊಂದು, ತೆಲುಗಿನಲ್ಲೊಂದು ಬರೆದು, ಓದು ಬಾರದವರಿಗೆ ಫೋಟೋ ಅಂಟಿಸಿದರೂ ಸಾಕು.

ದೊಡ್ಡ ಪುಸ್ತಕ ಮಾಡಲು ಹೋಗಬೇಡಿ, ಅದು ಗಲ್ಲಾಪೆಟ್ಟಿಗೆಯ ಕೆಳಗೆ ಧೂಳು ತಿನ್ನುತ್ತದೆ. ಮಯ್ಯರಂತೆ ಗಿರಾಕಿಗೆ ಹೆಚ್ಚು ತಟ್ಟುವ, ಯಜಮಾನ ನೋಡದ ಒಂದು ಕೆಲಸ ಹಿಡಿಯಿರಿ. ಖಾನಾವಳಿಗೆ ಅದು ಪಾತ್ರೆ ತೊಳೆಯುವುದಿರಬಹುದು. ಬೆಳಿಗ್ಗೆ ಉಗ್ಗಾಣಿ-ಮಿರ್ಚಿ ಮಾಡುವವರಿಗೆ ಎಣ್ಣೆ ಬದಲಿಸುವ ಲೆಕ್ಕ. ಮೊಬೈಲ್ ರಿಪೇರಿಯವರಿಗೆ ಗಿರಾಕಿಯ ಫೋನು ಕೈಗೆ ಬಂದಾಗ ಏನೇನು ನೋಡಿ, ಏನು ಬರೆದುಕೊಳ್ಳಬೇಕು ಎಂಬುದು. ಜೆರಾಕ್ಸ್ ಅಂಗಡಿಯವರಿಗೆ ಆಧಾರ್ ಪ್ರತಿ ತೆಗೆದ ಮೇಲೆ ಕಂಪ್ಯೂಟರಿನಿಂದ ಅಳಿಸುವುದು. ಆ ಕೆಲಸ ಮಾಡುವ ಹುಡುಗನನ್ನೇ ಕೂರಿಸಿಕೊಂಡು, ಅವನು ಮಾಡುವ ಕ್ರಮವನ್ನು ಮೊದಲು ಹಾಗೇ ಬರೆದುಕೊಳ್ಳಿ, ತಿದ್ದುವುದು ಆಮೇಲೆ. ಯಜಮಾನ ಒಬ್ಬನೇ ಕೂತು ಬರೆದದ್ದರಲ್ಲಿ ಅರ್ಧ ಅವನ ಆಸೆ ಇರುತ್ತದೆ. ಸ್ವಲ್ಪ, ಚೆನ್ನಾಗಿ, ಬೇಗ ಎಂಬ ಮಾತು ಕಂಡಲ್ಲೆಲ್ಲ ಸೌಟು, ಗ್ರಾಂ, ನಿಮಿಷ ಬರೆಯಿರಿ. ಕೆಳಗೆ ತಾರೀಖು ಹಾಕಿ, ಆ ಕೆಲಸ ನಡೆಯುವ ಗೋಡೆಗೇ ಅಂಟಿಸಿ. ನೀವು ಒಂದು ದಿನ ಅಂಗಡಿಗೆ ಹೋಗದೆ ಇದ್ದು, ಸಂಜೆ ಹೋಗಿ ನೋಡಿ. ಎಲ್ಲಿ ತಪ್ಪಿತೋ ಅಲ್ಲಿ ಹುಡುಗನನ್ನು ಬೈಯುವ ಮೊದಲು ಕಾಗದವನ್ನು ಓದಿ.

ಅಂಗಡಿ ಇಟ್ಟ ಸದಸ್ಯರು ಇಂಥ ಒಂದು ಪುಟ ಬರೆದು ಸಂಘಕ್ಕೆ ಕಳಿಸಿದರೆ, ತೆಲುಗಿಗೆ ಮಾಡಿಸಿ, ಟೈಪು ಮಾಡಿಸಿ ಕೊಡುತ್ತೇವೆ. ಖರ್ಚು ಸಂಘದ್ದು. ಕೈಬರಹದಲ್ಲಿದ್ದರೂ ನಡೆಯುತ್ತದೆ, ಅಕ್ಷರ ಮಾತ್ರ ಓದುವಂತಿರಲಿ.